ಮ್ಯಾಟ್ರಿಕ್ಸ್ ಚಿತ್ರಸರಣಿಯ ಉತ್ತರಭಾಗಗಳ ಮರುಮೌಲ್ಯಮಾಪನ

ದಿ ಮ್ಯಾಟ್ರಿಕ್ಸ್ (1999) ಎಂಬ ಅಮೆರಿಕದ ವೈಜ್ಞಾನಿಕ ಕಲ್ಪನಾ ಚಲನಚಿತ್ರದ ಮುಂದುವರಿಕೆಯಾಗಿ 2003ರಲ್ಲಿ ದಿ ಮ್ಯಾಟ್ರಿಕ್ಸ್ ರೀಲೋಡೆಡ್ ಮತ್ತು ದಿ ಮ್ಯಾಟ್ರಿಕ್ಸ್ ರೆವಲ್ಯೂಷನ್ಸ್ ಎಂಬ ಎರಡು ಚಿತ್ರಗಳು ತೆರೆಕಂಡವು. ಮೂಲಚಿತ್ರವನ್ನು ಮೆಚ್ಚಿದ್ದ ಪ್ರೇಕ್ಷಕರಲ್ಲಿ ಇವು ತೀವ್ರ ಭಿನ್ನಾಭಿಪ್ರಾಯವನ್ನು ಹುಟ್ಟಿಸಿದವು. ಮೊದಲ ಚಿತ್ರದ ಹೆಸರಿಗೆ ಮಸಿ ಬಳಿದವೆಂದು ಬಹುಕಾಲ ಎಣಿಸಲ್ಪಟ್ಟ ಈ ಉತ್ತರಭಾಗಗಳನ್ನು ಅಭಿಮಾನಿಗಳಲ್ಲಿ ಒಂದು ವರ್ಗವು ಕ್ರಮೇಣ ಮರಳಿ ನೋಡಿ, ಅವುಗಳ ಆಶಯವನ್ನು ಹೊಸದಾಗಿ ಅರ್ಥೈಸತೊಡಗಿತು.

ಹಿನ್ನೆಲೆ

ಲಾನಾ ಮತ್ತು ಲಿಲಿ ವಾಚೋಸ್ಕಿ ಸೋದರಿಯರು ಬರೆದು ನಿರ್ದೇಶಿಸಿದ ಮೊದಲ ಚಿತ್ರವು 1999ರ ಮಾರ್ಚ್ 31ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಮನುಷ್ಯರು ನಿಜವೆಂದು ನಂಬಿರುವ ಲೋಕವು ಯಂತ್ರಗಳು ಹೆಣೆದ ಗಣಕ ಮಾಯೆ. ಅವರ ದೇಹಗಳು ಯಂತ್ರಗಳಿಗೆ ಶಕ್ತಿ ಒದಗಿಸುವ ತೊಟ್ಟಿಗಳಲ್ಲಿ ಮಲಗಿವೆ. ಈ ನಿದ್ರೆಯಿಂದ ಎಚ್ಚೆತ್ತ ನಿಯೋ (ಕಿಯಾನು ರೀವ್ಸ್) ಎಂಬ ತಂತ್ರಾಂಶಜ್ಞನೇ ಭವಿಷ್ಯವಾಣಿ ಸಾರಿದ ವಿಮೋಚಕನೆಂಬುದು ಚಿತ್ರದ ಕಥಾವಸ್ತು. ಚಿತ್ರವು ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಗುಂಡುಗಳು ಗಾಳಿಯಲ್ಲಿ ನಿಧಾನವಾಗಿ ತೇಲುವ ಅದರ ದೃಶ್ಯವನ್ನು ಜಗತ್ತಿನ ನಾನಾ ಭಾಷೆಗಳ ಚಿತ್ರಗಳು ಅನುಕರಿಸಿದವು.

ಉತ್ತರಭಾಗಗಳನ್ನು ಒಟ್ಟಿಗೇ ಚಿತ್ರೀಕರಿಸಲಾಯಿತು. ರೀಲೋಡೆಡ್ 2003ರ ಮೇ ತಿಂಗಳಲ್ಲಿಯೂ, ರೆವಲ್ಯೂಷನ್ಸ್ ನವೆಂಬರ್ 5ರಂದು ಹಲವು ದೇಶಗಳಲ್ಲಿ ಏಕಕಾಲಕ್ಕೂ ತೆರೆಕಂಡವು. ಹೆದ್ದಾರಿಯ ಬೆನ್ನಟ್ಟುವಿಕೆಗಾಗಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿದ್ದ ಹಳೆಯ ನೌಕಾ ವಾಯುನೆಲೆಯಲ್ಲಿ ಸುಮಾರು 2.4 ಕಿ.ಮೀ. ಉದ್ದದ ರಸ್ತೆಯನ್ನೇ ನಿರ್ಮಿಸಲಾಗಿತ್ತು. ಚಿತ್ರಗಳನ್ನು ಒಪ್ಪದವರೂ ಇಂದಿಗೂ ಹೊಗಳುವ ಭಾಗವಿದು.

2003ರ ಪ್ರತಿಕ್ರಿಯೆ

ಎರಡೂ ಚಿತ್ರಗಳು ಬಿಡುಗಡೆಯಾದ ಕೂಡಲೇ ತಿರಸ್ಕೃತವಾದವೆಂಬ ಅಭಿಪ್ರಾಯ ಪ್ರಚಲಿತವಾಗಿದೆ; ಆದರೆ ಅದು ಪೂರ್ಣ ಸರಿಯಲ್ಲ. ರೀಲೋಡೆಡ್ ಜಗತ್ತಿನಾದ್ಯಂತ ಸುಮಾರು 74 ಕೋಟಿ ಡಾಲರ್ ಗಳಿಸಿತು. ಅಮೆರಿಕದ ಆರ್ (R) ಶ್ರೇಣಿಯ ಚಿತ್ರಗಳಲ್ಲಿ ಅದರ ಜಾಗತಿಕ ಗಳಿಕೆಯನ್ನು 2016ರ ಡೆಡ್‌ಪೂಲ್ ಬರುವವರೆಗೆ ಯಾವುದೂ ಮೀರಲಿಲ್ಲ. ವಿಮರ್ಶೆಗಳೂ ಮಿಶ್ರವಾಗಿದ್ದವೇ ಹೊರತು ಸಂಪೂರ್ಣ ಪ್ರತಿಕೂಲವಾಗಿರಲಿಲ್ಲ. ನಿರಾಶೆ ಗಟ್ಟಿಯಾದದ್ದು ರೆವಲ್ಯೂಷನ್ಸ್ ಬಂದ ಮೇಲೆ. ಅದರ ಗಳಿಕೆ ಸುಮಾರು 43 ಕೋಟಿ ಡಾಲರ್‌ಗೆ ಇಳಿಯಿತು.

ಇದಕ್ಕೆ ಎರಡು ಚಿತ್ರಗಳ ನಡುವಿನ ಆರು ತಿಂಗಳ ಅಂತರವೂ ಒಂದು ಕಾರಣ. ರೀಲೋಡೆಡ್‌ನ ಕೊನೆಯಲ್ಲಿ ನಿಯೋ ಮಾಯಾಲೋಕದ ಹೊರಗೆ, ವಾಸ್ತವ ಜಗತ್ತಿನಲ್ಲಿಯೇ, ಯಂತ್ರಗಳನ್ನು ಕೈಯೆತ್ತಿ ತಡೆಯುತ್ತಾನೆ. ವಾಸ್ತವವೆಂದುಕೊಂಡದ್ದೂ ಇನ್ನೊಂದು ಮಾಯೆಯೇ ಇರಬೇಕು ಎಂದು ಅನೇಕರು ಊಹಿಸಿದರು. ಕಥೆ ಆ ದಾರಿ ಹಿಡಿಯದಿದ್ದಾಗ, ತಾವು ಕಟ್ಟಿಕೊಂಡ ಊಹೆಯೇ ಚಿತ್ರಕ್ಕಿಂತ ಮೇಲೆಂದು ಅವರಿಗೆ ತೋರಿತು. ಕಥೆಯ ಕೆಲವು ಎಳೆಗಳು ಚಿತ್ರಗಳ ಹೊರಗೆ, ದಿ ಅನಿಮ್ಯಾಟ್ರಿಕ್ಸ್ ಎಂಬ ಒಂಬತ್ತು ಅನಿಮೇಷನ್ ಕಿರುಚಿತ್ರಗಳಲ್ಲಿಯೂ ಎಂಟರ್ ದ ಮ್ಯಾಟ್ರಿಕ್ಸ್ ಎಂಬ ವಿಡಿಯೋ ಆಟದಲ್ಲಿಯೂ ಹರಡಿದ್ದವು. ಚಿತ್ರಮಂದಿರಕ್ಕಷ್ಟೇ ಹೋದವರಿಗೆ, ನಿಯೋನನ್ನು ಹಿಂಬಾಲಿಸುವ ಕಿಡ್ ಎಂಬ ಹುಡುಗನಿಗೆ ಆತನಲ್ಲಿ ಅಷ್ಟು ಭಕ್ತಿಯೇಕೆಂಬುದು ತಿಳಿಯುವಂತಿರಲಿಲ್ಲ.

ವಾಸ್ತುಶಿಲ್ಪಿಯ ದೃಶ್ಯ

ವಿವಾದದ ಕೇಂದ್ರ ರೀಲೋಡೆಡ್‌ನ ಒಂದು ಸಂಭಾಷಣೆ. ನೂರಾರು ಪರದೆಗಳ ಕೋಣೆಯಲ್ಲಿ ಕುಳಿತ ಬಿಳಿಗಡ್ಡದ ವಾಸ್ತುಶಿಲ್ಪಿ, ಅಂದರೆ ಮಾಯಾಲೋಕವನ್ನು ರಚಿಸಿದ ಪ್ರೋಗ್ರಾಮ್, ನಿಯೋನಿಗೆ ಸತ್ಯವನ್ನು ತಿಳಿಸುತ್ತದೆ. ನಿಯೋ ಮೊದಲ ವಿಮೋಚಕನಲ್ಲ, ಆರನೆಯವನು. ಭವಿಷ್ಯವಾಣಿಯೂ ವ್ಯವಸ್ಥೆಯ ಒಂದು ಅಂಗ. ಮಾಯೆಯನ್ನು ಒಪ್ಪದ ಅಲ್ಪಸಂಖ್ಯಾತರ ಅತೃಪ್ತಿಯನ್ನು ಒಬ್ಬನ ಸುತ್ತ ಕೂಡಿಸಿ, ಕೊನೆಗೆ ಅವನಿಂದಲೇ ವ್ಯವಸ್ಥೆಯನ್ನು ಹೊಸದಾಗಿ ಆರಂಭಿಸುವುದು ಯಂತ್ರಗಳ ಕ್ರಮ. ಮನುಷ್ಯರ ಕೊನೆಯ ನಗರ ಜಯಾನ್ ಈಗಾಗಲೇ ಐದು ಬಾರಿ ನಾಶವಾಗಿದೆ. ಪ್ರತಿ ಬಾರಿಯೂ 23 ಜನರನ್ನು ಆರಿಸಿ ಅದನ್ನು ಮರಳಿ ಕಟ್ಟಿಸಲಾಗಿದೆ.

ಈ ಮಾತುಗಳ ಭಾಷೆ ಎಷ್ಟು ಕ್ಲಿಷ್ಟವಾಗಿತ್ತೆಂದರೆ ಅದೇ ವರ್ಷದ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ನಟ ವಿಲ್ ಫೆರೆಲ್ ಅದನ್ನು ಅಣಕಿಸಿದರು. ಆದರೆ ನಿರಾಶೆಗೆ ಭಾಷೆಗಿಂತ ಆಳವಾದ ಕಾರಣವಿತ್ತು: ಪ್ರೇಕ್ಷಕರು ಪ್ರೀತಿಸಿದ್ದ ವೀರಗಾಥೆಯೇ ಒಂದು ನಿಯಂತ್ರಣೋಪಾಯವೆಂದು ಚಿತ್ರವೇ ಹೇಳಿತು. ಮರುಮೌಲ್ಯಮಾಪನ ಮಾಡುವವರು ಎತ್ತಿಹಿಡಿಯುವುದೂ ಇದನ್ನೇ. ವಿಮೋಚಕನ ಕಥೆಯನ್ನು ಹೇಳಿ ಗೆದ್ದ ನಿರ್ದೇಶಕರು ಅದನ್ನೇ ಮತ್ತೆ ಮಾರಾಟಕ್ಕಿಡದೆ ಪ್ರಶ್ನಿಸಿದರೆಂಬುದು ಅವರ ವಾದ. ಹಿಂದಿನ ಐವರು ಮನುಕುಲದ ಉಳಿವಿಗಾಗಿ ಒಂದು ಬಾಗಿಲನ್ನು ಆರಿಸಿದರೆ, ನಿಯೋ ಟ್ರಿನಿಟಿ ಎಂಬ ಒಬ್ಬಳನ್ನು ಉಳಿಸಲು ಇನ್ನೊಂದನ್ನು ತೆರೆಯುತ್ತಾನೆ. ಮೂರನೆಯ ಚಿತ್ರದಲ್ಲಿ ಯುದ್ಧ ಮುಗಿಯುವುದೂ ಗೆಲುವಿನಿಂದಲ್ಲ. ನಿಯೋ ಯಂತ್ರಗಳೊಡನೆ ಒಪ್ಪಂದ ಮಾಡಿಕೊಂಡು, ಎಲ್ಲರನ್ನೂ ತನ್ನ ಪ್ರತಿರೂಪವಾಗಿಸಿಕೊಂಡ ಸ್ಮಿತ್‌ನಿಗೆ (ಹ್ಯೂಗೋ ವೀವಿಂಗ್) ತನ್ನನ್ನೇ ಒಪ್ಪಿಸಿಕೊಂಡು ಅವನ ಅಂತ್ಯಕ್ಕೆ ಕಾರಣನಾಗುತ್ತಾನೆ. ಶತ್ರುಸಂಹಾರವನ್ನು ನಿರೀಕ್ಷಿಸಿದವರಿಗೆ ಸಂಧಾನ ದೊರೆಯಿತು.

ಭಾರತೀಯ ಅಂಶಗಳು

ಭಾರತೀಯ ಪ್ರೇಕ್ಷಕರ ದೃಷ್ಟಿಯಿಂದ ರೆವಲ್ಯೂಷನ್ಸ್‌ನ ಆರಂಭದ ರೈಲು ನಿಲ್ದಾಣದ ದೃಶ್ಯವು ಗಮನಾರ್ಹ. ಅಲ್ಲಿ ನಿಯೋನಿಗೆ ಎದುರಾಗುವ ರಾಮ-ಕಾಂಡ್ರ, ಕಮಲಾ ಮತ್ತು ಅವರ ಮಗಳು ಸತಿ ಮನುಷ್ಯರಲ್ಲ, ಪ್ರೋಗ್ರಾಮ್‌ಗಳು. ಯಾವ ಉದ್ದೇಶವೂ ಇಲ್ಲದೆ ಹುಟ್ಟಿದ ಮಗು ಅಳಿಸಲ್ಪಡಬಾರದೆಂದು ತಂದೆತಾಯಿ ಅವಳನ್ನು ಕಳ್ಳದಾರಿಯಲ್ಲಿ ಸಾಗಿಸುತ್ತಿದ್ದಾರೆ. ಪ್ರೋಗ್ರಾಮ್ ಒಂದು ಪ್ರೀತಿಯ ಮಾತಾಡುವುದನ್ನು ಕೇಳಿ ನಿಯೋ ಬೆರಗಾದಾಗ, ಪ್ರೀತಿಯೆಂಬುದು ಒಂದು ಪದ, ಅದು ಸೂಚಿಸುವ ಸಂಬಂಧವೇ ಮುಖ್ಯವೆಂಬ ಅರ್ಥದ ಉತ್ತರ ಬರುತ್ತದೆ. ಕರ್ಮವೆಂದರೆ ತಾನು ಮಾಡಬೇಕಾಗಿರುವುದು ಎಂದೂ ಆತ ವಿವರಿಸುತ್ತಾನೆ. 2003ರಲ್ಲಿ ಕಥೆಯ ಓಟಕ್ಕೆ ಅಡ್ಡಿಯೆಂದು ದೂರಲಾದ ಈ ಶಾಂತ ಸನ್ನಿವೇಶವೇ ಮೂರು ಚಿತ್ರಗಳ ತಿರುವು ಎಂದರೂ ಸಲ್ಲುತ್ತದೆ. ಅಂತಿಮ ಕಾಳಗಕ್ಕೆ ಸಂಗೀತ ಸಂಯೋಜಕ ಡಾನ್ ಡೇವಿಸ್ ಉಪನಿಷತ್ತಿನ ಸಂಸ್ಕೃತ ಸಾಲುಗಳನ್ನು ವೃಂದಗಾನವಾಗಿ ಬಳಸಿದ್ದಾರೆ; ಅವುಗಳಲ್ಲಿ ಬೃಹದಾರಣ್ಯಕದ ಪ್ರಸಿದ್ಧ ಪ್ರಾರ್ಥನೆಯೂ ಸೇರಿದೆ.

ಮೊದಲ ಚಿತ್ರವನ್ನು ಅದ್ವೈತದ ಮಾಯಾವಾದಕ್ಕೆ ಹೋಲಿಸುವುದು ವಾಡಿಕೆ. ಹೋಲಿಕೆ ಉತ್ತರಭಾಗಗಳಿಗೆ ಸುಲಭವಾಗಿ ಹೊಂದದು. ಅಲ್ಲಿ ಮಾಯಾಲೋಕದೊಳಗಿನ ಜೀವಿಗಳ ನೋವು, ಮಮತೆಗಳು ಮಿಥ್ಯೆಯಲ್ಲ. ಜಗತ್ತು ಸತ್ಯ, ಭೇದವೂ ಸತ್ಯ ಎನ್ನುವ ಮಧ್ವಮತದ ನಿಲುವನ್ನು ಹರಿಕಥಾಮೃತಸಾರದ ಕರ್ತೃ, ಮಾನ್ವಿಯ ಜಗನ್ನಾಥದಾಸರ ಮೂಲಕ ಅರಿತ ರಾಯಚೂರು ಸೀಮೆಯ ಓದುಗರಿಗೆ ಈ ವ್ಯತ್ಯಾಸ ಬೇಗ ಹೊಳೆಯಬಹುದು. ನಿರ್ದೇಶಕರಿಗೆ ದಾಸಸಾಹಿತ್ಯದ ಪರಿಚಯವಿತ್ತೆಂದು ಇದರ ಅರ್ಥವಲ್ಲ.

ಮರುಮೌಲ್ಯಮಾಪನ

ಭಿನ್ನಮತವನ್ನು ನಿರ್ಮಾಪಕರೇ ಬಹುಬೇಗ ದಾಖಲಿಸಿದ್ದರು. 2004ರ ಡಿವಿಡಿ ಸಂಪುಟದಲ್ಲಿ ಪ್ರತಿ ಚಿತ್ರಕ್ಕೂ ಎರಡು ವ್ಯಾಖ್ಯಾನಗಳಿದ್ದವು: ಒಂದು ತತ್ತ್ವಚಿಂತಕರಾದ ಕಾರ್ನೆಲ್ ವೆಸ್ಟ್ ಮತ್ತು ಕೆನ್ ವಿಲ್ಬರ್ ಅವರದು, ಇನ್ನೊಂದು ಉತ್ತರಭಾಗಗಳನ್ನು ಮೆಚ್ಚದ ವಿಮರ್ಶಕರಾದ ಟಾಡ್ ಮೆಕಾರ್ಥಿ, ಜಾನ್ ಪವರ್ಸ್ ಮತ್ತು ಡೇವಿಡ್ ಥಾಮ್ಸನ್ ಅವರದು. ತಮ್ಮ ಚಿತ್ರವನ್ನು ಅದರ ಮೇಲೆಯೇ ಟೀಕಿಸಲು ಅವಕಾಶ ನೀಡಿದ ನಿದರ್ಶನಗಳು ವಿರಳ. ವೆಸ್ಟ್ ಅವರು ಎರಡೂ ಉತ್ತರಭಾಗಗಳಲ್ಲಿ ಜಯಾನ್ ಸಭೆಯ ಸದಸ್ಯರಾಗಿ ನಟಿಸಿದ್ದವರೆಂಬುದನ್ನೂ ಇಲ್ಲಿ ಗಮನಿಸಬೇಕು.

ಮುಂದೆ ಮೂರೂ ಚಿತ್ರಗಳನ್ನು ಮನೆಯಲ್ಲಿ ಸಾಲಾಗಿ ನೋಡುವುದು ಸಾಧ್ಯವಾದಾಗ ಆರು ತಿಂಗಳ ಕಾಯುವಿಕೆಯ ಭಾರ ಇಳಿಯಿತು. ಲಾನಾ 2012ರಲ್ಲಿ, ಲಿಲಿ 2016ರಲ್ಲಿ ತಾವು ಟ್ರಾನ್ಸ್‌ಜೆಂಡರ್ ಮಹಿಳೆಯರೆಂದು ಪ್ರಕಟಿಸಿದ ಬಳಿಕ ಚಿತ್ರಗಳಲ್ಲಿನ ಗುರುತು, ದೇಹ ಮತ್ತು ಆಯ್ಕೆಯ ವಿಚಾರಗಳಿಗೆ ಹೊಸ ಓದುಗಳು ಹುಟ್ಟಿದವು. ಸರಣಿಯ ಮೂಲ ಆಶಯದಲ್ಲಿ ಆ ರೂಪಕವಿತ್ತೆಂದು ಲಿಲಿ 2020ರಲ್ಲಿ ದೃಢಪಡಿಸಿದರು.

ಮರುನೋಟವು ದೋಷಗಳನ್ನೆಲ್ಲ ಅಳಿಸಿಲ್ಲ. ನೂರಾರು ಸ್ಮಿತ್‌ಗಳೊಡನೆ ನಿಯೋ ಹೋರಾಡುವ ದೃಶ್ಯದ ಗಣಕಚಿತ್ರಣ ರಬ್ಬರಿನ ಗೊಂಬೆಗಳಂತೆ ಕಾಣುತ್ತದೆ. ಜಯಾನ್ ಯುದ್ಧವು ಮುಖ್ಯ ಪಾತ್ರಗಳಿಲ್ಲದೆ ಬಹಳ ಹೊತ್ತು ನಡೆಯುತ್ತದೆ. ಮಾರ್ಫಿಯಸ್ (ಲಾರೆನ್ಸ್ ಫಿಶ್‌ಬರ್ನ್) ತನ್ನ ನಂಬಿಕೆ ಕುಸಿದ ಮೇಲೆ ಏನಾದನೆಂಬುದನ್ನು ಮೂರನೆಯ ಚಿತ್ರ ಸರಿಯಾಗಿ ವಿಚಾರಿಸುವುದೇ ಇಲ್ಲ. ಈ ಕೊರತೆಗೆ ಸಮರ್ಥಕರಲ್ಲಿಯೂ ಉತ್ತರವಿಲ್ಲ.

2021ರ ಡಿಸೆಂಬರ್‌ನಲ್ಲಿ ಲಾನಾ ಒಬ್ಬರೇ ನಿರ್ದೇಶಿಸಿದ ದಿ ಮ್ಯಾಟ್ರಿಕ್ಸ್ ರೆಸರೆಕ್ಷನ್ಸ್ ಬಿಡುಗಡೆಯಾಯಿತು. ಅದು ರೆವಲ್ಯೂಷನ್ಸ್‌ನ ಸಂಧಾನವನ್ನು ಬದಿಗಿಡದೆ, ಕೆಲವು ಯಂತ್ರಗಳು ಮನುಷ್ಯರೊಡನೆ ಬಾಳುತ್ತಿರುವ ನಗರವನ್ನು ತೋರಿಸಿತು. ರೈಲು ನಿಲ್ದಾಣದ ಆ ಮಗು ಸತಿ ಬೆಳೆದು ದೊಡ್ಡವಳಾಗಿ ಮರಳಿದಳು. ಪಾತ್ರವನ್ನು ಪ್ರಿಯಾಂಕಾ ಚೋಪ್ರಾ ನಿರ್ವಹಿಸಿದರು. ಈ ನಾಲ್ಕನೆಯ ಚಿತ್ರದ ವಿಷಯದಲ್ಲಿಯೂ ಅಭಿಮಾನಿಗಳು ಒಮ್ಮತಕ್ಕೆ ಬಂದಿಲ್ಲ.