ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ನಿವಾರಣೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಕಾಯಿಪಲ್ಲೆ ಬೆಳೆಯುವ ರೈತರಿಗೆ ಬದನೆಯ ಹುಳುವಿನ ಬಾಧೆಯು ಹೊಸದಲ್ಲ. ನೀರು ಸಾಕಷ್ಟಿದ್ದರೂ ಗಿಡದ ಕುಡಿಯೊಂದೇ ಬಾಡಿ ಜೋತುಬಿದ್ದರೆ ಅದರೊಳಗೆ ಹುಳುವಿದೆಯೆಂದು ತಿಳಿಯತಕ್ಕದ್ದು. ಇಡೀ ಗಿಡವೇ ಬಾಡಿದರೆ ಅದಕ್ಕೆ ಕಾರಣವು ಬೇರೆ.

ಹುಳುವಿನ ಜೀವನಕ್ರಮ.— ಬಿಳಿಯ ರೆಕ್ಕೆಗಳ ಮೇಲೆ ಕಂದು ಮಚ್ಚೆಗಳುಳ್ಳ ಸಣ್ಣ ಪತಂಗವು ರಾತ್ರಿಯಲ್ಲಿ ಎಲೆ, ಕುಡಿ ಹಾಗೂ ಮೊಗ್ಗುಗಳ ಮೇಲೆ ತತ್ತಿಯಿಡುತ್ತದೆ. ಕೆಲವೇ ದಿನಗಳಲ್ಲಿ ಮರಿಯು ಹೊರಬಂದು ಕುಡಿಯನ್ನೂ, ಕಾಯಿ ಬಿಟ್ಟ ಬಳಿಕ ಕಾಯಿಯನ್ನೂ ಕೊರೆದು ಒಳಸೇರುತ್ತದೆ. ಸುಮಾರು ಎರಡು ವಾರಗಳವರೆಗೆ ತಿಂದು ಬಲಿತು, ಹೊರಬಿದ್ದು, ಉದುರಿದ ಎಲೆಗಳ ನಡುವೆ ಗೂಡು ಕಟ್ಟಿ ಮರಳಿ ಪತಂಗವಾಗುತ್ತದೆ. ಒಳಹೊಕ್ಕ ಹುಳುವಿಗೆ ಮೇಲಿನಿಂದ ಸಿಂಪಡಿಸಿದ ಔಷಧವು ತಾಗುವುದಿಲ್ಲ. ಕೆಲವು ದಿನಗಳಿಗೊಮ್ಮೆ ಕೊಯ್ಯುವ ಕಾಯಿಯ ಮೇಲೆ ವಿಷವು ಉಳಿಯುವುದು. ಹುಳುವನ್ನು ತಿನ್ನುವ ಸಣ್ಣ ಕಣಜಗಳೂ ಅದರಿಂದ ಸಾಯುವವು.

ನಿವಾರಣೋಪಾಯಗಳು.—

1. ಬಾಡಿದ ಕುಡಿಯನ್ನು ಹುಳು ಇರುವ ಭಾಗಕ್ಕಿಂತ ಕೆಳಗೆ ಚಿವುಟಿ, ತೂತುಬಿದ್ದ ಕಾಯಿಗಳೊಡನೆ ಪ್ರತಿ ವಾರವೂ ಕೂಡಿಸಿ ಸುಡಬೇಕು. ಕಿತ್ತುದನ್ನು ಬದುವಿನ ಮೇಲೆ ಎಸೆದರೆ ಪ್ರಯೋಜನವಿಲ್ಲ.

2. ಬೇವಿನ ಬೀಜದ ತಿರುಳು 5 ಕಿಲೋಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಹಿಂಡಿ ಸೋಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಕೂಡಿಸಿ, ಸ್ವಲ್ಪ ಸಾಬೂನಿನ ನೀರನ್ನು ಬೆರೆಸಬೇಕು. ಬಿಸಿಲಿಗೆ ಇದರ ಸತ್ವವು ಕುಂದುವುದರಿಂದ ಸಂಜೆಯಲ್ಲಿ ಸಿಂಪಡಿಸತಕ್ಕದ್ದು. ಇದು ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ಮರಿಗಳು ಒಳಹೊಗುವ ಮುನ್ನ ಅವು ತಿನ್ನದಂತೆಯೂ ಬೆಳೆಯದಂತೆಯೂ ತಡೆಯುತ್ತದೆ. ಬೇವಿನ ಹಣ್ಣು ಉದುರುವ ಕಾಲದಲ್ಲಿಯೇ ಬೀಜವನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ ಇಡಬೇಕು.

3. ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ತೋಟದಲ್ಲಿ ಕಟ್ಟಬೇಕು.

4. ಬೆಳೆ ಮುಗಿದ ಬಳಿಕ ಗಿಡಗಳನ್ನು ಬೇರುಸಹಿತ ಕಿತ್ತು ನಾಶಮಾಡಬೇಕು. ಉರುವಲಿಗೆಂದು ಒಟ್ಟಿದ ಒಣ ಗಿಡಗಳ ರಾಶಿಯಿಂದಲೂ ಪತಂಗಗಳು ಹೊರಟು ಹೊಸ ಸಸಿಗಳಿಗೆ ಬರುತ್ತವೆ. ಅದೇ ಹೊಲದಲ್ಲಿ ಬದನೆಯ ಮೇಲೆ ಬದನೆಯನ್ನು ನೆಡಬಾರದು.

ಗ್ರಾಮದ ಮುಖಂಡರಿಗೆ ಸೂಚನೆ.— ಪತಂಗಕ್ಕೆ ಬದುವಿನ ಎಲ್ಲೆಯಿಲ್ಲ. ಒಬ್ಬನು ಪ್ರತಿ ವಾರ ಕುಡಿ ಚಿವುಟುತ್ತಿರಲು ನೆರೆಯವನು ಸುಮ್ಮನಿದ್ದರೆ ಇಬ್ಬರ ಕಾಯಿಯೂ ಹುಳುಕಾಗುವುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದಲೂ ಬಾವಿಗಳಿಂದಲೂ ಬದನೆಯು ಒಂದರ ಹಿಂದೊಂದಾಗಿ ಬೆಳೆಯುವ ಊರುಗಳಲ್ಲಿ ಹುಳುವಿಗೆ ಆಹಾರವು ತಪ್ಪುವುದಿಲ್ಲ. ಆದುದರಿಂದ ಊರಿನ ಹಿರಿಯರು ಬದನೆಯ ತೋಟಗಳುಳ್ಳವರನ್ನೆಲ್ಲ ಕೂಡಿಸಿ, ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಆ ದಿನ ಎಲ್ಲರ ತೋಟಗಳಲ್ಲಿಯೂ ಬಾಡಿದ ಕುಡಿಗಳನ್ನು ತೆಗೆಸಬೇಕು. ಇದಕ್ಕೆ ಹಣದ ವೆಚ್ಚವು ಅಲ್ಪ. ಬೇಕಾದದ್ದು ಎಲ್ಲರ ಒಪ್ಪಿಗೆ ಮತ್ತು ವಾರವಾರವೂ ತಪ್ಪದ ದುಡಿಮೆ.