ಹಲ್ಲಿಗೆ ಬಲ ಸರಳಿನದೋ, ಬಳೆಯದೋ?

ಬಿದ್ದು ಮುಂದಿನ ಹಲ್ಲು ಮುರಿದುಕೊಂಡವರಿಗೆ, ಹುಳುಕು ಆಳಕ್ಕಿಳಿದು ನೋವುಂಡವರಿಗೆ ‘ರೂಟ್ ಕೆನಾಲ್’ ಎಂಬ ಮಾತು ಹೊಸದಲ್ಲ. ಸೋಂಕು ತಗುಲಿದ ತಿರುಳನ್ನು ತೆಗೆದು, ಬೇರಿನ ನಾಳವನ್ನು ಶುಚಿಗೊಳಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬುವ ಚಿಕಿತ್ಸೆ ಇದು. ಅದು ಮುಗಿದ ಮೇಲೆ ಅನೇಕರು ಕೇಳುವುದುಂಟು: ‘ಒಳಗೊಂದು ಸರಳು ಹಾಕಿಬಿಟ್ಟರೆ ಹಲ್ಲು ಗಟ್ಟಿಯಾಗುವುದಿಲ್ಲವೇ?’

ಕಬ್ಬಿಣದ ಸರಳು ಕಾಂಕ್ರೀಟಿಗೆ ಬಲ ಕೊಡುವುದನ್ನು ಕಂಡವರಿಗೆ ಹೀಗನ್ನಿಸುವುದು ಸಹಜ. ಆದರೆ ಹಲ್ಲಿನ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ‘ಪೋಸ್ಟ್’ ಎನ್ನುವ ಈ ಸರಳಿನ ಕೆಲಸ ಒಂದೇ: ಹಲ್ಲಿನ ಮೇಲ್ಭಾಗ ಬಹುಪಾಲು ಹೋಗಿದ್ದಾಗ, ಹೊಸದಾಗಿ ಕಟ್ಟಿದ ದಿಂಡನ್ನು ಬೇರಿಗೆ ಹಿಡಿದು ನಿಲ್ಲಿಸುವುದು. ದಿಂಡಿನ ಮೇಲೆ ಕ್ಯಾಪ್ ಕೂರುತ್ತದೆ. ಸರಳಿಗಾಗಿ ನಾಳವನ್ನು ಅಗಲಿಸಿದಷ್ಟೂ ಬೇರಿನ ಗೋಡೆ ತೆಳುವಾಗಿ, ಹಲ್ಲು ಇನ್ನಷ್ಟು ದುರ್ಬಲವಾಗುತ್ತದೆ.

ಉಪಾಯವೇನೋ ಹಳೆಯದು. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಬೇರಿನೊಳಗೆ ಲೋಹದ ಗೂಟ ಕೂರಿಸುವ ವಿವರವಿದೆ. ಮುಂದೆ ಮರದ ಗೂಟಗಳೂ ಬಳಕೆಗೆ ಬಂದವು. ಬಾಯಿಯ ತೇವಕ್ಕೆ ಮರ ಉಬ್ಬಿ, ಬೇರನ್ನೇ ಸೀಳುತ್ತಿದ್ದುದೂ ಉಂಟು.

ಬಾಚಿಹಲ್ಲುಗಳ ಕಷ್ಟ ಬೇರೆಯೇ. ದವಡೆಹಲ್ಲಿನ ಮೇಲೆ ಭಾರ ಬಹುಮಟ್ಟಿಗೆ ನೇರವಾಗಿ ಬೀಳುತ್ತದೆ. ಮೇಲಿನ ಬಾಚಿಹಲ್ಲನ್ನಾದರೋ ಕೆಳಗಿನ ಹಲ್ಲು ಒಳಗಿನಿಂದ ಓರೆಯಾಗಿ ಹೊರಕ್ಕೆ ತಳ್ಳುತ್ತದೆ. ಆಗ ಪೋಸ್ಟ್ ಸನ್ನೆಗೋಲಿನಂತಾಗುತ್ತದೆ. ಹಲ್ಲಿನ ಡೆಂಟಿನ್ ತುಸು ಬಾಗಬಲ್ಲದು; ಅದಕ್ಕಿಂತ ಸುಮಾರು ಹತ್ತು ಪಟ್ಟು ಬಿಗುವಾದ ಉಕ್ಕು ಅಷ್ಟು ಬಾಗದು. ಒತ್ತಡ ಬೇರಿನ ಆಳಕ್ಕೆ ಸಾಗಿ ಬೇರು ಉದ್ದಕ್ಕೆ ಸೀಳಿದರೆ ಹಲ್ಲನ್ನು ಕೀಳಿಸದೆ ಗತಿಯಿಲ್ಲ. 1990ರ ದಶಕದಿಂದ ಬಳಕೆಗೆ ಬಂದ ನಾರಿನ ಪೋಸ್ಟ್‌ಗಳ ಬಾಗುವ ಗುಣ ಡೆಂಟಿನ್‌ಗೆ ಹೆಚ್ಚು ಹತ್ತಿರ. ಅವು ಕೆಟ್ಟರೂ ಸಾಮಾನ್ಯವಾಗಿ ಸಡಿಲಗೊಳ್ಳುತ್ತವೆ ಅಥವಾ ಮುರಿಯುತ್ತವೆ. ಬೇರು ಉಳಿಯುವ ಸಂಭವ ಹೆಚ್ಚು.

ಹಾಗಾದರೆ ಬಲ ಎಲ್ಲಿಂದ? ಒನಕೆಯ ತುದಿಗೆ ಹಾಕುವ ಅಣಸನ್ನು ನೆನೆಯಿರಿ. ಆ ಕಬ್ಬಿಣದ ಬಳೆ ಮರವನ್ನು ಹೊರಗಿನಿಂದ ಅಪ್ಪಿ ಸೀಳದಂತೆ ಕಾಯುತ್ತದೆ. ಕ್ಯಾಪಿನ ಅಂಚೂ ಹಾಗೆಯೇ. ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಸ್ವಂತ ಹಲ್ಲು ಉಳಿದಿದ್ದರೆ ಕ್ಯಾಪ್ ಅದನ್ನು ಬಿಗಿಯಾಗಿ ಅಪ್ಪುತ್ತದೆ. ಅಷ್ಟು ಉಳಿದಿಲ್ಲದಿದ್ದರೆ, ಕೆಲವೊಮ್ಮೆ ಬೇರನ್ನು ತಂತಿಯಿಂದ ನಿಧಾನವಾಗಿ ಹೊರಕ್ಕೆಳೆದು ಆ ಅಂಚನ್ನು ಪಡೆಯುವುದೂ ಸಾಧ್ಯ.

ಹಲ್ಲು ಬಹುಪಾಲು ಗಟ್ಟಿಯಾಗಿದ್ದು, ಚಿಕಿತ್ಸೆಗಾಗಿ ಕೊರೆದ ತೂತು ಮಾತ್ರ ಇದ್ದರೆ, ಅದನ್ನು ಹಲ್ಲಿನ ಬಣ್ಣದ ಕಾಂಪೊಸಿಟ್‌ನಿಂದ ತುಂಬಿದರೆ ಸಾಮಾನ್ಯವಾಗಿ ಸಾಕು. ಪೋಸ್ಟೂ ಬೇಡ, ಕ್ಯಾಪೂ ಬೇಡ. ಆದರೆ ನೋವು ಹೋಯಿತೆಂದು ತಾತ್ಕಾಲಿಕ ಸಿಮೆಂಟಿನಲ್ಲೇ ತಿಂಗಳುಗಟ್ಟಲೆ ಕಳೆಯಬಾರದು. ಅಂಚಿನಿಂದ ಎಂಜಲು ಜಿನುಗಿ, ರೋಗಾಣುಗಳು ಮತ್ತೆ ನಾಳ ಸೇರುತ್ತವೆ.

ಆದ್ದರಿಂದ ವೈದ್ಯರ ಮುಂದೆ ಕುಳಿತಾಗ ‘ಎಷ್ಟು ದಪ್ಪ ಸರಳು ಹಾಕುತ್ತೀರಿ?’ ಎಂದು ಕೇಳಬೇಡಿ. ‘ನನ್ನ ಹಲ್ಲು ಎಷ್ಟು ಉಳಿದಿದೆ? ಅದರಲ್ಲಿ ಎಷ್ಟನ್ನು ಉಳಿಸಬಹುದು?’ ಎಂದು ಕೇಳಿ.