ರಾಸಾಯನಿಕ ಸಮೀಕರಣ: ಪರಮಾಣುಗಳ ಜಮಾ-ಖರ್ಚು

ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ವಿದ್ಯಾರ್ಥಿಗಳು ಬಹುವಾಗಿ ಅಂಜುವ ಭಾಗಗಳಲ್ಲಿ ರಾಸಾಯನಿಕ ಸಮೀಕರಣವೂ ಒಂದು. ಹಲವರು ಅದನ್ನು ಮಗ್ಗಿಯಂತೆ ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತಾರೆ. ಆದರೆ ಸಮೀಕರಣವೆಂಬುದು ಪ್ರಕೃತಿಯು ಒಂದು ಪರಮಾಣುವನ್ನೂ ಬಿಡದೆ ಬರೆದಿಟ್ಟ ಲೆಕ್ಕದ ಪುಟ. ಅದನ್ನು ಓದಬಲ್ಲವನಿಗೆ ಅಡಕೆಯ ತೋಟಕ್ಕೆ ಸಿಂಪಡಿಸುವ ಔಷಧದ ಮರ್ಮವೂ ತಿಳಿಯುತ್ತದೆ. ಅದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಈ ಲೆಕ್ಕದ ಮೂಲತತ್ತ್ವವನ್ನು ಸ್ಪಷ್ಟಪಡಿಸಿದವನು ಫ್ರಾನ್ಸ್ ದೇಶದ ಆಂತ್ವಾನ್ ಲವಾಸಿಯೆ (೧೭೪೩–೧೭೯೪). ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ ಆತ, ಪ್ರಯೋಗಶಾಲೆಯಲ್ಲಿಯೂ ತಕ್ಕಡಿಯನ್ನು ಕೈಬಿಡಲಿಲ್ಲ. ಕ್ರಿಯೆಗೆ ಮೊದಲು ಇದ್ದಷ್ಟೇ ದ್ರವ್ಯ ಕ್ರಿಯೆಯ ಅನಂತರವೂ ಇರುತ್ತದೆಂದು ೧೭೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾರಿದನು. ೧೮೦೮ರಲ್ಲಿ ಜಾನ್ ಡಾಲ್ಟನ್ ತನ್ನ ಪರಮಾಣುವಾದದ ಗ್ರಂಥವನ್ನು ಹೊರತಂದಾಗ ಇದರ ಕಾರಣವೂ ತಿಳಿಯಿತು. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದಿಲ್ಲ, ಅಳಿಯುವುದಿಲ್ಲ. ತಮ್ಮ ಜೊತೆಯನ್ನಷ್ಟೇ ಬದಲಿಸುತ್ತವೆ.

ಜಲಜನಕವು ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿವೆ. ನೀರಿನ ಒಂದು ಅಣುವಿನಲ್ಲಿ ಆಮ್ಲಜನಕದ ಪರಮಾಣು ಒಂದೇ. ಉಳಿದ ಒಂದು ಎಲ್ಲಿ ಹೋಯಿತು? ಲೆಕ್ಕ ಸರಿದೂಗಿಸುವ ಆತುರದಲ್ಲಿ ವಿದ್ಯಾರ್ಥಿಯು ನೀರಿನ ಅಣುಸೂತ್ರದೊಳಗೇ ಆಮ್ಲಜನಕದ ಕೆಳಗೆ ಎರಡೆಂದು ಬರೆದುಬಿಡುತ್ತಾನೆ. ಅಂಕಿ ಸರಿಹೋಗುತ್ತದೆ; ಆದರೆ ಅದು ಈಗ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಅಣುಸೂತ್ರವು ವಸ್ತುವಿನ ಸ್ವರೂಪ. ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಅಣುಗಳ ಸಂಖ್ಯೆಯನ್ನು ಸೂಚಿಸುವ, ಸೂತ್ರದ ಮುಂದಿನ ಗುಣಕವನ್ನು ಮಾತ್ರ ನಾವು ಬದಲಿಸಬಹುದು. ಆದುದರಿಂದ:

೨ ಜಲಜನಕ + ೧ ಆಮ್ಲಜನಕ → ೨ ನೀರು

ಗೋಬರ್ ಅನಿಲದಲ್ಲಿ ಉರಿಯುವ ಭಾಗವಾದ ಮೀಥೇನನ್ನು ತೆಗೆದುಕೊಳ್ಳೋಣ. ಅದರ ಅಣುವಿನಲ್ಲಿ ಇಂಗಾಲದ ಒಂದು, ಜಲಜನಕದ ನಾಲ್ಕು ಪರಮಾಣುಗಳು. ಮೊದಲು ಇಂಗಾಲವನ್ನು ಎಣಿಸಿದರೆ ಇಂಗಾಲದ ಡೈಆಕ್ಸೈಡಿನ ಒಂದು ಅಣು; ಬಳಿಕ ಜಲಜನಕವನ್ನು ಎಣಿಸಿದರೆ ನೀರಿನ ಎರಡು ಅಣು. ಕಡೆಯಲ್ಲಿ ಬಲಬದಿಯ ಆಮ್ಲಜನಕವನ್ನು ಕೂಡಿಸಿದರೆ ನಾಲ್ಕು ಪರಮಾಣು, ಎಂದರೆ ಎಡಬದಿಗೆ ಎರಡು ಅಣು. ತೂಕವೂ ಇದಕ್ಕೆ ಸಾಕ್ಷಿ: ೧೬ ಗ್ರಾಂ ಮೀಥೇನು ಮತ್ತು ೬೪ ಗ್ರಾಂ ಆಮ್ಲಜನಕದಿಂದ ೪೪ ಗ್ರಾಂ ಇಂಗಾಲದ ಡೈಆಕ್ಸೈಡು ಮತ್ತು ೩೬ ಗ್ರಾಂ ನೀರು. ಎರಡು ಬದಿಯೂ ೮೦ ಗ್ರಾಂ.

ಹೀಗೆ ಬರೆದ ಸಮೀಕರಣವು ಕ್ರಿಯೆಯ ಬಗೆಯನ್ನೂ ತಾನೇ ತೋರಿಸುತ್ತದೆ. ನಮ್ಮೆಲ್ಲರಿಗೂ ಪರಿಚಿತವಾದ ಸುಣ್ಣವೇ ಇದಕ್ಕೆ ಉತ್ತಮ ನಿದರ್ಶನ. ಗೂಡಿನಲ್ಲಿ ಸುಣ್ಣಕಲ್ಲನ್ನು ಸುಟ್ಟಾಗ ಅದು ಸುಟ್ಟ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಒಡೆಯುತ್ತದೆ. ಒಂದು ಎರಡಾಗುವುದು ವಿಭಜನೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಭುಸುಗುಟ್ಟುತ್ತ, ಬಿಸಿಯಾಗಿ ಅರಳುತ್ತದೆ. ಎರಡು ಒಂದಾಗುವುದು ಸಂಯೋಗ. ಗೋಡೆಗೆ ಬಳಿದ ಅರಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟು, ಮರಳಿ ಸುಣ್ಣಕಲ್ಲಿನ ದ್ರವ್ಯವೇ ಆಗುತ್ತದೆ.

ಇನ್ನೆರಡು ಬಗೆಗಳನ್ನು ಅಡಕೆಯ ತೋಟದಲ್ಲಿ ನೋಡಬಹುದು. ೧೮೮೫ರಲ್ಲಿ ಬೋರ್ಡೋ ನಗರದ ಪ್ರಾಧ್ಯಾಪಕ ಮಿಲಾರ್ದೆ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಮೈಲುತುತ್ತ-ಸುಣ್ಣಗಳ ಮಿಶ್ರಣವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನದಲ್ಲಿ ಅಡಕೆಯ ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು ೧೯೧೦ರಲ್ಲಿ ಪ್ರಕಟಿಸಿದ ಲೆಸ್ಲಿ ಕೋಲ್ಮನ್ ಅವರು ಅದನ್ನು ನಮ್ಮ ತೋಟಗಳಿಗೆ ಪರಿಚಯಿಸಿದರು. ಸರಳವಾಗಿ ಹೇಳುವುದಾದರೆ, ಇಲ್ಲಿ ನಡೆಯುವುದು ಇದು:

ತಾಮ್ರದ ಸಲ್ಫೇಟು + ಕ್ಯಾಲ್ಸಿಯಂ ಹೈಡ್ರಾಕ್ಸೈಡು → ತಾಮ್ರದ ಹೈಡ್ರಾಕ್ಸೈಡು + ಕ್ಯಾಲ್ಸಿಯಂ ಸಲ್ಫೇಟು

ಎರಡು ಲೋಹಗಳೂ ತಮ್ಮ ಜೊತೆಗಾರರನ್ನು ಅದಲುಬದಲು ಮಾಡಿಕೊಂಡುವು, ಇದು ದ್ವಿಸ್ಥಾನಪಲ್ಲಟ. ಸಮೀಕರಣದ ಪ್ರಕಾರ ಒಂದು ಕಿಲೋ ಮೈಲುತುತ್ತಕ್ಕೆ ಶುದ್ಧವಾದ ಅರಳಿದ ಸುಣ್ಣ ಸುಮಾರು ೩೦೦ ಗ್ರಾಂ ಸಾಕು. ಆದರೂ ರೈತರು ೧೦೦ ಲೀಟರು ನೀರಿಗೆ ಎರಡನ್ನೂ ಒಂದೊಂದು ಕಿಲೋ ಹಾಕುತ್ತಾರೆ. ಸುಣ್ಣ ಎಂದೂ ಪೂರ್ಣ ಶುದ್ಧವಾಗಿರದು; ಇಟ್ಟಲ್ಲಿಯೇ ಸ್ವಲ್ಪ ಭಾಗ ಗಾಳಿಗೆ ಸುಣ್ಣಕಲ್ಲಿನ ಪುಡಿಯಾಗಿರುತ್ತದೆ. ಸುಣ್ಣ ಕಡಿಮೆಯಾಗಿ ಮೈಲುತುತ್ತ ಉಳಿದರೆ ಎಳೆಯ ಭಾಗಗಳು ಸುಟ್ಟುಹೋಗುತ್ತವೆ.

ಲೆಕ್ಕ ಸರಿದೂಗಿತೇ ಎಂದು ತಿಳಿಯಲು ರೈತರು ಹೊಳಪುಳ್ಳ ಚಾಕುವನ್ನು ಮಿಶ್ರಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು. ಉಳಿದ ಮೈಲುತುತ್ತದಿಂದ ತಾಮ್ರವನ್ನು ಹೊರದಬ್ಬಿ ಕಬ್ಬಿಣವು ತಾನೇ ಆ ಸ್ಥಾನವನ್ನು ಹಿಡಿಯುವುದೇ ಇದರ ಕಾರಣ, ಇದು ಸ್ಥಾನಪಲ್ಲಟ. ಈ ಮಿಶ್ರಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದೆಂಬ ಕಟ್ಟಳೆಗೂ ಇದೇ ಕಾರಣ.

ರೈತನ ಮಗನು ಕರಿಹಲಗೆಯ ಮೇಲೆ ಕಲಿಯುವ ಪಾಠಕ್ಕೂ ತಂದೆಯ ಚಾಕುವಿನ ಪರೀಕ್ಷೆಗೂ ಇರುವ ಈ ಸಂಬಂಧವನ್ನು ಉಪಾಧ್ಯಾಯರು ತೋರಿಸಿಕೊಟ್ಟರೆ ಕಂಠಪಾಠದ ಭಾರ ಇಳಿಯುವುದು. ಒಂದು ಮೊಳೆ, ಚಿಟಿಕೆ ಮೈಲುತುತ್ತ, ಒಂದು ಗಾಜಿನ ಲೋಟ: ಈ ಪ್ರಯೋಗಕ್ಕೆ ಇಷ್ಟೇ ಸಾಕು. ನೀಲಿ ದ್ರಾವಣದಲ್ಲಿ ಮೊಳೆ ಕೆಂಪೇರುವುದನ್ನು ಕಂಡ ಮೇಲೆಯೇ ಸಮೀಕರಣವನ್ನು ಬರೆಸುವುದು ಲೇಸು.